ದಿನಾ ದರ್ಶಿನಿಯಲ್ಲಿ ತಿನ್ನುವವರು ಪುಡಿಗಿಂತ ಮೊದಲು ಹೊತ್ತು ನೋಡಿ

ಪ್ರಶ್ನೆ: ನನಗೆ 32 ವರ್ಷ. ಊರು ಹಾಸನದ ಹತ್ತಿರ. ಬೆಂಗಳೂರಿನ ವಿಜಯನಗರದಲ್ಲಿ ಒಬ್ಬನೇ ರೂಮ್ ಮಾಡಿಕೊಂಡಿದ್ದೇನೆ. ಮಧ್ಯಾಹ್ನ ಆಫೀಸ್ ಕ್ಯಾಂಟೀನ್, ಬೆಳಿಗ್ಗೆ ಮತ್ತು ರಾತ್ರಿ ದರ್ಶಿನಿ. ಬೆಳಿಗ್ಗೆ ಇಡ್ಲಿ ವಡೆ, ಕಾಫಿ. ರಾತ್ರಿ ಒಂಬತ್ತೂವರೆ ಮೇಲೆ ರೈಸ್ ಬಾತ್ ಇಲ್ಲವೇ ಮಸಾಲೆ ದೋಸೆ, ವಾರಕ್ಕೆರಡು ಸಲ ಗೋಬಿ. ಭಾನುವಾರ ನಾವು ನಾಲ್ಕು ಜನ ಗೆಳೆಯರು ಒಳ್ಳೆ ಹೋಟೆಲ್ ಹುಡುಕಿಕೊಂಡು ಸುತ್ತುತ್ತೇವೆ. ಅವರ ಮಾತು ಕೇಳಿದರೆ ತಲೆ ಕೆಡುತ್ತೆ. ಹೋಟೆಲ್ ಇಡ್ಲಿ ಮೆತ್ತಗಿರೋದು ಸೋಡಾದಿಂದ ಅಂತ ಒಬ್ಬ, ಬಾಯಾರಿಕೆ ಟೇಸ್ಟಿಂಗ್ ಪೌಡರ್‌ನಿಂದ ಅಂತ ಇನ್ನೊಬ್ಬ, ಪಾಮ್ ಆಯಿಲ್ ವಿಷ ಅಂತ ಮತ್ತೊಬ್ಬ. ಎರಡು ತಿಂಗಳಿಂದ ನನಗೆ ರಾತ್ರಿ ಎದೆ ಉರಿ. ಎಷ್ಟು ನೀರು ಕುಡಿದರೂ ಸಾಲದು, ನಿದ್ದೆಯಿಂದ ಎದ್ದು ಕುಡಿಯುತ್ತೇನೆ. ಕಳೆದ ತಿಂಗಳು ಹೆಸರಾದ ಒಂದು ಹೋಟೆಲ್‌ನಲ್ಲಿ ಸಂಜೆ ನಾಲ್ಕಕ್ಕೆ ಪಡ್ಡು ತಿಂದೆ. ಏಳು ಗಂಟೆಗೆಲ್ಲ ವಾಂತಿ ಶುರುವಾಯಿತು. ಜೊತೆಯಲ್ಲೇ ತಿಂದ ಗೆಳೆಯನಿಗೆ ಏನೂ ಆಗಲಿಲ್ಲ. ಅವನು ಚಟ್ನಿ ಮುಟ್ಟಲ್ಲ, ಸಾಂಬಾರ್ ಮಾತ್ರ. ಹೋಟೆಲ್ ತಿಂಡಿ ಪೂರ್ತಿ ಬಿಟ್ಟುಬಿಡು ಅಂತಾರೆ ಅಮ್ಮ. ಬಿಡಲೇಬೇಕಾ? ಇಲ್ಲ ಅಂದರೆ ಒಳ್ಳೆ ಹೋಟೆಲ್ ಗುರುತಿಸೋದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳು ಸೇರಿಕೊಂಡಿವೆ. ಎದೆ ಉರಿ, ಬಾಯಾರಿಕೆ, ಆ ದಿನದ ವಾಂತಿ, ಇದೇ ರೂಢಿ ಮುಂದುವರಿದರೆ ಗತಿಯೇನು ಅನ್ನುವ ಭಯ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ನಿಮ್ಮ ಗೆಳೆಯರು ಎಲ್ಲವನ್ನೂ ಹೋಟೆಲ್‌ನವರು ಹಾಕುವ ಯಾವುದೋ ಪುಡಿಯ ತಲೆಗೆ ಕಟ್ಟುತ್ತಿದ್ದಾರೆ. ನಾನು ಓದಿದ್ದು ಆಹಾರ ವಿಜ್ಞಾನ. ನನ್ನ ಕೆಲಸ ಹೋಟೆಲ್ ಅಡುಗೆಮನೆಗಳಿಗೆ ಹೋಗಿ ಭಟ್ಟರಿಗೆ, ಸಪ್ಲೈಯರ್‌ಗಳಿಗೆ ಶುಚಿತ್ವದ ತರಬೇತಿ ಕೊಡುವುದು. ಅಲ್ಲಿ ನೋಡಿದ್ದರಿಂದ ಹೇಳುತ್ತೇನೆ: ಪುಡಿಗಿಂತ ಜಾಸ್ತಿ ತೊಂದರೆ ಕೊಡುವುದು ಹೊತ್ತು. ಮಾಡಿದ ತಿಂಡಿ ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಕೂತಿತ್ತು? ನೀವು ಅದನ್ನು ಯಾವ ಹೊತ್ತಲ್ಲಿ ತಿಂದಿರಿ? ಹೋಟೆಲ್ ಬಗ್ಗೆ ನಡೆಯುವ ಮಾತುಕತೆಯಲ್ಲಿ ಈ ಎರಡು ಪ್ರಶ್ನೆ ಬರುವುದೇ ಅಪರೂಪ.

ವಾಂತಿಯ ವಿಷಯ ಮೊದಲು ನೋಡೋಣ. ಪಡ್ಡು ಬಿಸಿ ಕಾವಲಿಯ ಗುಳಿಯಲ್ಲಿ ಬೆಂದು ನೇರ ತಟ್ಟೆಗೆ ಬಂದಿದೆ. ಅದರ ಮೇಲೆ ನನಗೆ ಅನುಮಾನ ಕಡಿಮೆ. ಚಟ್ನಿಯ ಮೇಲೆ ಜಾಸ್ತಿ. ಖಚಿತವಾಗಿ ಹೇಳಬೇಕಾದರೆ ಆ ದಿನವೇ ಲ್ಯಾಬ್ ಪರೀಕ್ಷೆ ಆಗಬೇಕಿತ್ತು. ಆದರೆ ನೀವು ಕೊಟ್ಟ ಎರಡು ಸುಳಿವು ಒಂದೇ ಕಡೆ ಬೆರಳು ತೋರಿಸುತ್ತವೆ. ಗೆಳೆಯ ಚಟ್ನಿ ತಿಂದಿಲ್ಲ, ಅವನಿಗೆ ಏನೂ ಆಗಿಲ್ಲ. ನಿಮಗೆ ಮೂರು ಗಂಟೆಯೊಳಗೆ ವಾಂತಿ. ಸಾಲ್ಮೊನೆಲ್ಲಾದಂಥ ಸೋಂಕಾದರೆ ಹೊಟ್ಟೆ ಕೆಡಲು ಆರು ಗಂಟೆಯಿಂದ ಮೂರು ದಿನದವರೆಗೂ ಹಿಡಿಯುತ್ತದೆ. ಒಂದರಿಂದ ಆರು ಗಂಟೆಯೊಳಗೆ ವಾಂತಿ ಬಂದರೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಮೊದಲೇ ತಿಂಡಿಯಲ್ಲಿ ಬೆಳೆದು ವಿಷ ಬಿಟ್ಟಿರುತ್ತವೆ. ಅನ್ನದಲ್ಲಿ ಇಂಥ ಕೆಲಸ ಮಾಡುವುದು ಬ್ಯಾಸಿಲಸ್ ಸೀರಿಯಸ್. ಕೈಯಿಂದ, ಗಾಯದಿಂದ, ಮೂಗು ಮುಟ್ಟಿದ ಬೆರಳಿನಿಂದ ಬರುವುದು ಸ್ಟೆಫಿಲೋಕಾಕಸ್.

ಹೋಟೆಲ್ ಚಟ್ನಿ ಹೇಗೆ ಆಗುತ್ತೆ ನೋಡಿ. ತೆಂಗಿನಕಾಯಿ ತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಉಪ್ಪು, ಮೇಲೆ ಧಾರಾಳ ನೀರು. ರುಬ್ಬಿದ ಮೇಲೆ ಯಾವುದನ್ನೂ ಬೇಯಿಸುವುದಿಲ್ಲ. ಒಗ್ಗರಣೆ ಬಿಸಿ ಮೇಲ್ಮೈಗಷ್ಟೇ ತಗಲುತ್ತದೆ. ನೀರು ಶುದ್ಧವಿಲ್ಲದಿದ್ದರೆ ಅದು ಹಾಗೇ ನಿಮ್ಮ ಹೊಟ್ಟೆಗೆ. ಇನ್ನು ಪಾತ್ರೆ ಇರುವುದು ಕೌಂಟರ್ ಮೇಲೆ, ಒಲೆಯ ಕಾವಿನ ಪಕ್ಕ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಅದಕ್ಕೇ ಮಾಡಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ತರಬೇತಿಯಲ್ಲಿ ನಾನು ಒತ್ತಿ ಒತ್ತಿ ಹೇಳುವ ಮಾತೊಂದಿದೆ. ಚಟ್ನಿ ಮುಗಿಯುವ ಮೊದಲೇ ಅದೇ ಪಾತ್ರೆಗೆ ಹೊಸ ಚಟ್ನಿ ಸುರಿಯಬೇಡಿ. ಬೆಳಿಗ್ಗೆ ಏಳರ ಚಟ್ನಿಯ ತಳ, ಹತ್ತರ ಚಟ್ನಿ, ಹನ್ನೆರಡರದ್ದು, ಎಲ್ಲ ಸೇರಿ ಸಂಜೆ ನಾಲ್ಕಕ್ಕೆ ಬಂದವರ ತಟ್ಟೆಗೆ ಬೀಳುತ್ತದೆ. ಒಳ್ಳೆಯ ಭಟ್ಟರು ಚಿಕ್ಕ ಚಿಕ್ಕ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ರುಬ್ಬಿಸುತ್ತಾರೆ. ಪಾತ್ರೆ ಖಾಲಿಯಾದರೆ ತೊಳೆಯಲು ಹಾಕಿ ಬೇರೆ ಪಾತ್ರೆ ಇಡುತ್ತಾರೆ. ಇದನ್ನು ನೀವು ಕೌಂಟರ್ ಮುಂದೆ ನಿಂತೇ ನೋಡಬಹುದು.

ಸಾಂಬಾರ್ ಇಷ್ಟು ಅಪಾಯವಲ್ಲ. ಅದು ಕುದ್ದಿರುತ್ತದೆ, ಹುಣಸೆಹಣ್ಣಿನ ಹುಳಿಯೂ ಇದೆ, ಹೆಚ್ಚಿನ ಕಡೆ ಒಲೆಯ ಮೇಲೇ ಇರುತ್ತದೆ. ನಿನ್ನೆಯದನ್ನು ಇಂದಿನದಕ್ಕೆ ಬೆರೆಸಿದಾಗ ಮಾತ್ರ ಭಯ. ದೊಡ್ಡ ಪಾತ್ರೆ ತಣ್ಣಗಾಗಲು ತುಂಬಾ ಹೊತ್ತು ಬೇಕು. ಅಷ್ಟು ಹೊತ್ತೂ ಅದು ಬ್ಯಾಕ್ಟೀರಿಯಾಕ್ಕೆ ಬೇಕಾದ ಹದವಾದ ಬೆಚ್ಚಗೆಯಲ್ಲಿರುತ್ತದೆ.

ಈಗ ಸೋಡಾ. ಇಡ್ಲಿ ಮೆತ್ತಗಾಗಲು ಸೋಡಾ ಬೇಕೇ ಬೇಕು ಅನ್ನುವುದು ಸುಳ್ಳು. ಉದ್ದಿನಬೇಳೆ ಚೆನ್ನಾಗಿದ್ದು, ನೊರೆ ಬರುವ ಹಾಗೆ ರುಬ್ಬಿದರೆ ಅದರ ಲೋಳೆ ಗುಣ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾತ್ರಿಯಿಡೀ ಹಿಟ್ಟು ಹುಳಿ ಬರುವಾಗ ಬ್ಯಾಕ್ಟೀರಿಯಾ ಬಿಡುವ ಗಾಳಿ ಅದರಲ್ಲಿ ಸೇರಿ ಹಿಟ್ಟು ಉಬ್ಬುತ್ತದೆ. ಕೆಲವರು ಅನ್ನವನ್ನೋ ಅವಲಕ್ಕಿಯನ್ನೋ ಸೇರಿಸಿ ರುಬ್ಬುತ್ತಾರೆ, ಅದರಿಂದಲೂ ಇಡ್ಲಿ ಮೆತ್ತಗಾಗುತ್ತದೆ. ಹಾಗಾದರೆ ಸೋಡಾ ಯಾಕೆ ಹಾಕುತ್ತಾರೆ? ಡಿಸೆಂಬರ್ ಜನವರಿಯ ಚಳಿಗೆ ಬೆಂಗಳೂರಿನಲ್ಲಿ ಹಿಟ್ಟು ಏಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯಲೇಬೇಕು. ಉದ್ದಿನ ಬೆಲೆ ಏರಿದಾಗ ಉದ್ದು ಕಡಿಮೆ ಮಾಡಿ ಆ ಕೊರತೆಯನ್ನು ಸೋಡಾದಿಂದ ಮುಚ್ಚುವವರೂ ಇದ್ದಾರೆ. ರವೆ ಇಡ್ಲಿಯದು ಬೇರೆ ಲೆಕ್ಕ. ಅದರ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸುವುದಿಲ್ಲ. ಸೋಡಾ ಮತ್ತು ಮೊಸರು ಸೇರಿಯೇ ಅದು ಉಬ್ಬುವುದು.

ಅಡುಗೆ ಸೋಡಾ ಕಾನೂನು ಒಪ್ಪಿದ ವಸ್ತು. ಚಿಟಿಕೆಯಷ್ಟು ಹಾಕಿದರೆ ಹಾನಿ ಇಲ್ಲ. ಜಾಸ್ತಿಯಾದರೆ ಇಡ್ಲಿ ಹಳದಿ ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಗೆ ಸೋಪಿನ ರುಚಿ ಬರುತ್ತದೆ, ಉದ್ದಿನಲ್ಲಿರುವ ಬಿ1 ಜೀವಸತ್ವ ಹಾಳಾಗುತ್ತದೆ. ಅಂಥ ಇಡ್ಲಿ ಸಿಕ್ಕರೆ ಆ ಹೋಟೆಲ್ ಬಿಡಿ. ಇನ್ನೊಂದು ಸಂಗತಿ: ಸೋಡಾದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸೋಡಿಯಂ ಇದೆ. ಬಿಪಿ, ಕಿಡ್ನಿ ತೊಂದರೆ ಇರುವವರು ಇದನ್ನು ನೆನಪಿಡಬೇಕು.

ಇಡ್ಲಿಯ ವಿಷಯದಲ್ಲಿ ನನಗೆ ಸೋಡಾಕ್ಕಿಂತ ಪ್ಲಾಸ್ಟಿಕ್ ಹಾಳೆಯ ಚಿಂತೆ ದೊಡ್ಡದು. ಮೊದಲು ಇಡ್ಲಿ ತಟ್ಟೆಯ ಮೇಲೆ ಒದ್ದೆ ಹತ್ತಿ ಬಟ್ಟೆ ಹಾಸುತ್ತಿದ್ದರು. ಬಟ್ಟೆ ಒಗೆಯುವ ಕೆಲಸ ತಪ್ಪಲಿ ಅಂತ ಎಷ್ಟೋ ಕಡೆ ತೆಳ್ಳನೆ ಪ್ಲಾಸ್ಟಿಕ್ ಬಂತು. ಹಬೆಯ ಬಿಸಿಗೆ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳು ಇಡ್ಲಿಗೆ ಇಳಿಯುತ್ತವೆ. 2025ರ ಫೆಬ್ರವರಿಯಲ್ಲಿ ರಾಜ್ಯ ಆರೋಗ್ಯ ಇಲಾಖೆ ಪರೀಕ್ಷೆ ಮಾಡಿಸಿ, ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಬಾರದು ಅಂತ ಆದೇಶ ಹೊರಡಿಸಿತು. ನಿಮ್ಮ ದರ್ಶಿನಿಯಲ್ಲಿ ತಟ್ಟೆ ತೆಗೆಯುವಾಗ ಒಮ್ಮೆ ಇಣುಕಿ. ಬಟ್ಟೆ ಇದ್ದರೆ ಅಥವಾ ಬರೀ ಸ್ಟೀಲ್ ಗುಳಿ ಇದ್ದರೆ ಸರಿ. ಪಾರ್ಸೆಲ್‌ಗೂ ಇದೇ ಮಾತು. ಬಿಸಿ ಸಾಂಬಾರ್ ತೆಳು ಕವರ್‌ನಲ್ಲಿ ಕಟ್ಟಿಸಬೇಡಿ, ಸ್ಟೀಲ್ ಡಬ್ಬ ತಗೊಂಡು ಹೋಗಿ. ಬೋಂಡಾ ಬಜ್ಜಿಯನ್ನು ನ್ಯೂಸ್‌ಪೇಪರ್‌ನಲ್ಲಿ ಕಟ್ಟಿಸುವುದೂ ಬೇಡ. ಶಾಯಿ ಎಣ್ಣೆಗೆ ಕರಗುತ್ತದೆ.

ಟೇಸ್ಟಿಂಗ್ ಪೌಡರ್, ಅಂದರೆ ಮೋನೋಸೋಡಿಯಂ ಗ್ಲುಟಮೇಟ್ ಬಗ್ಗೆ ಇಷ್ಟೇ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಬಂದ ಓದುಗರ ಪತ್ರದಿಂದ ಹಬ್ಬಿದ ಭಯ ಅದು. ಆಮೇಲೆ ನಡೆದ ಪರೀಕ್ಷೆಗಳಲ್ಲಿ, ಯಾವುದರಲ್ಲಿ ಪುಡಿ ಇದೆ ಅಂತ ಗೊತ್ತಿಲ್ಲದೆ ತಿಂದವರಲ್ಲಿ, ಪುಡಿಯಿಂದ ಬರುತ್ತವೆ ಅನ್ನುವ ಲಕ್ಷಣಗಳು ಒಂದೇ ರೀತಿ ಕಾಣಿಸಲಿಲ್ಲ. ಟೊಮೆಟೊದಲ್ಲೂ ಗ್ಲುಟಮೇಟ್ ಸಹಜವಾಗಿಯೇ ಇದೆ. ಇಡ್ಲಿ ದೋಸೆಗೆ ಇದನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಗೋಬಿ, ಫ್ರೈಡ್ ರೈಸ್ ಕೌಂಟರ್‌ನಲ್ಲಿ ಹಾಕುತ್ತಾರೆ. ಅಲ್ಲಿ ಸಾಸ್‌ಗಳ ಉಪ್ಪೂ ಸೇರುತ್ತದೆ, ಬಾಯಾರಿಕೆಗೆ ಅದು ಸಾಕು. ಒಬ್ಬರಿಗೆ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಿಕ್ಕ ಚಮಚದಷ್ಟು ಉಪ್ಪು ಸಾಕು. ನಿಮ್ಮ ಬೆಳಗಿನ ತಿಂಡಿಯಲ್ಲಿ ಇಡ್ಲಿ ಹಿಟ್ಟಿಗೆ ಉಪ್ಪು, ವಡೆಗೆ ಉಪ್ಪು, ಚಟ್ನಿಗೆ ಉಪ್ಪು, ಸಾಂಬಾರ್‌ಗೆ ಉಪ್ಪು. ಎರಡೆರಡು ಸಲ ಸಾಂಬಾರ್ ಹಾಕಿಸಿಕೊಂಡರೆ ಅದೂ ಲೆಕ್ಕಕ್ಕೆ ಬರುತ್ತದೆ. ಇಡ್ಲಿಯನ್ನು ಸಾಂಬಾರ್‌ನಲ್ಲಿ ಮುಳುಗಿಸಿ ಕೊಡುವ 'ಡಿಪ್' ಬದಲು ಸಪರೇಟ್ ತಗೊಳ್ಳಿ. ಉಪ್ಪು ನಿಮ್ಮ ಕೈಯಲ್ಲಿರುತ್ತದೆ.

ಎಣ್ಣೆಯ ವಿಷಯದಲ್ಲಿ ನಿಮ್ಮ ಗೆಳೆಯ ಅರ್ಧ ಸರಿ. ಪಾಮ್ ಆಯಿಲ್ ವಿಷವಲ್ಲ. ಅದರಲ್ಲಿ ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು, ಹಾಗಾಗಿ ದಿನಾ ಜಾಸ್ತಿ ತಿಂದರೆ ಹೃದಯಕ್ಕೆ ಒಳ್ಳೆಯದಲ್ಲ. ಆದರೆ ಅದೇ ಗುಣದಿಂದ ಅದು ಬಾಣಲೆಯ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ಬೇಗ ಕೆಡುವುದಿಲ್ಲ, ಅಗ್ಗವೂ ಹೌದು. ನಾನು ಮೊದಲು ಕೇಳುವುದು ಎಣ್ಣೆ ಎಷ್ಟು ಸಲ ಕಾದಿದೆ ಅಂತ. ಎಣ್ಣೆ ಕಾದು ಕಾದು ಒಡೆದಾಗ ಪೋಲಾರ್ ಸಂಯುಕ್ತಗಳು ಹುಟ್ಟುತ್ತವೆ. ಅವು ಶೇಕಡಾ 25 ದಾಟಿದ ಎಣ್ಣೆಯನ್ನು ಬಳಸಬಾರದು ಅಂತ 2018ರ ಜುಲೈನಿಂದ ನಿಯಮ ಇದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಕರಿಯುವ ಎಣ್ಣೆ ಬಳಸುವವರು ಲೆಕ್ಕ ಇಡಬೇಕು, ಹಳೆ ಎಣ್ಣೆಯನ್ನು ಬಯೋಡೀಸೆಲ್ ಮಾಡುವಂಥವರಿಗೆ ಕೊಡಬೇಕು. ಚಿಕ್ಕ ಹೋಟೆಲ್‌ಗಳಲ್ಲಿ ಈ ನಿಯಮಕ್ಕೆ ಕಣ್ಣಿಡುವವರು ಕಡಿಮೆ.

ನೀವು ಅಳೆಯಲಾರಿರಿ, ಆದರೆ ನೋಡಬಹುದು. ಬಾಣಲೆಯಲ್ಲಿ ವಡೆ ಬಿಡುವ ಮೊದಲೇ ಹೊಗೆ ಏಳುತ್ತಿದ್ದರೆ, ಸಣ್ಣ ನೊರೆ ಇಳಿಯದೆ ನಿಂತರೆ, ವಡೆ ಹಿಡಿದ ಬೆರಳು ಅಂಟು ಅಂಟಾಗಿ ಹಳೆ ವಾಸನೆ ಬಂದರೆ ಆ ಎಣ್ಣೆ ಮುಗಿದಿದೆ ಅಂತ ಅರ್ಥ. ಬೆಳಿಗ್ಗೆ ಮೊದಲ ಬಾಣಲೆಯ ವಡೆಗೂ ಸಂಜೆಯ ಕೊನೆಯ ಬೋಂಡಾಕ್ಕೂ ಇರುವ ವ್ಯತ್ಯಾಸ ಇದೇ. ವಡೆ ತಿನ್ನುವ ಆಸೆ ಇದ್ದರೆ ಬೆಳಿಗ್ಗೆ ತಿನ್ನಿ, ವಾರಕ್ಕೆರಡು ದಿನ ಸಾಕು. ಉಳಿದ ದಿನ ಹಬೆಯದ್ದು ಅಥವಾ ಕಾವಲಿಯದ್ದು. ಗೋಬಿಯನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ ಅಂತಲೇ ನನ್ನ ಸಲಹೆ. ಅದನ್ನು ಒಮ್ಮೆ ಕರಿದಿಟ್ಟು ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಡುತ್ತಾರೆ. ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲೂ ಗಾಡಿಗಳಲ್ಲಿ ಕೆಂಪಗೆ ಹೊಳೆಯುವ ಗೋಬಿ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿ ಆ ಹೊಳಪು ಕೊಡುವುದಿಲ್ಲ.

ಹೆಸರಾದ ಹೋಟೆಲ್‌ನಲ್ಲೇ ಹೀಗಾಯಿತಲ್ಲ ಅಂತ ನಿಮಗೆ ಬೇಸರ. ಹೆಸರಿಗೂ ಆ ಹೊತ್ತಿನ ಚಟ್ನಿಗೂ ಸಂಬಂಧ ಕಡಿಮೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆಯುತ್ತಿದೆ, ಮಲ್ಲೇಶ್ವರದ ಸಿಟಿಆರ್ ಮುಂದೆ ಈಗಲೂ ಜನ ಕಾಯುತ್ತಾರೆ. ಇಂಥ ಕಡೆ ಬೆಳಿಗ್ಗೆ ಎಂಟೂವರೆಗೆ ಹೋದರೆ ಕಾವಲಿಯಿಂದ ಇಳಿದ ದೋಸೆ ಕೂಡಲೇ ಟೇಬಲ್‌ಗೆ ಬರುತ್ತದೆ. ಜನಸಂದಣಿಯ ದೊಡ್ಡ ಲಾಭ ಇದು: ಯಾವುದೂ ಕೂರುವುದಿಲ್ಲ. ಆದರೆ ಎಂಥ ಹೋಟೆಲ್‌ಗೂ ಮಂಕು ಹೊತ್ತು ಅಂತ ಇರುತ್ತದೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ, ರಾತ್ರಿ ಒಂಬತ್ತೂವರೆಯ ಮೇಲೆ. ಮಾಡಿಟ್ಟದ್ದನ್ನು ಖಾಲಿ ಮಾಡುವ ಹೊತ್ತು ಅದು. ನಿಮ್ಮ ಪಡ್ಡು ಒಂದು ಮಂಕು ಹೊತ್ತಿನಲ್ಲಿ, ನಿಮ್ಮ ದಿನದ ರಾತ್ರಿಯೂಟ ಇನ್ನೊಂದರಲ್ಲಿ. ಭಾನುವಾರ ನಾಲ್ಕು ಜನ ಕೂತು ಯಾವ ಹೋಟೆಲ್ ಮೇಲು ಅಂತ ಚರ್ಚೆ ಮಾಡುವಾಗ, ಎಷ್ಟು ಗಂಟೆಗೆ ಹೋಗಿದ್ದೆವು, ಚಟ್ನಿ ಪಾತ್ರೆ ಹೇಗಿತ್ತು ಅನ್ನುವುದನ್ನೂ ಸೇರಿಸಿ. ನಿಮ್ಮ ಮಾತು ಕೇಳಿ ಹೋಗುವವರಿಗೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ದರ್ಶಿನಿಯಲ್ಲಿ ನಿಮಗೊಂದು ಅನುಕೂಲ ಇದೆ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ಈ ಪದ್ಧತಿಯಲ್ಲಿ ಟೋಕನ್ ತಗೊಂಡು ಕೌಂಟರ್ ಮುಂದೆ ನಿಂತರೆ ಅಡುಗೆ ಕಣ್ಣಿಗೆ ಕಾಣುತ್ತದೆ. ಸುಮ್ನೆ ಫೋನ್ ನೋಡಬೇಡಿ, ಒಳಗೆ ನೋಡಿ. ದುಡ್ಡು ಮುಟ್ಟಿದ ಕೈಯೇ ಇಡ್ಲಿ ಮುಟ್ಟುತ್ತಿದೆಯಾ? ಒಂದೇ ಬಟ್ಟೆ ಟೇಬಲ್‌ಗೂ ತಟ್ಟೆಗೂ ಓಡಾಡುತ್ತಿದೆಯಾ? ಚಮಚ ಅದ್ದಿಟ್ಟ ನೀರು ಬಿಸಿ ಇದೆಯಾ, ಕದಡಿದೆಯಾ? ಭಟ್ಟರ ಬೆರಳಲ್ಲಿ ಗಾಯ ಇದ್ದರೆ ಅದಕ್ಕೆ ಗ್ಲೌಸ್ ಇದೆಯಾ? ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್ ಇರಲೇಬೇಕು, ಬಿಲ್ ಮೇಲೂ ಇರಬೇಕು. ನಂಬರ್ ಇದ್ದ ಮಾತ್ರಕ್ಕೆ ಅಡುಗೆಮನೆ ಶುಚಿ ಅಂತ ಅಲ್ಲ, ಆದರೆ ದೂರು ಕೊಡಲು ಅದು ಬೇಕಾಗುತ್ತದೆ.

ಇನ್ನು ಬಿಡಬೇಕಾ ಅನ್ನುವ ಪ್ರಶ್ನೆ. ಬಿಡಬೇಕಿಲ್ಲ, ಬದಲಾಯಿಸಬೇಕು. ಬೆಳಗಿನ ತಿಂಡಿ ದರ್ಶಿನಿಯಲ್ಲೇ ಇರಲಿ, ಎಂಟರಿಂದ ಹತ್ತರೊಳಗೆ. ಆ ಹೊತ್ತಿನ ಚಟ್ನಿಯೂ ಹೊಸದೇ ಇರುತ್ತದೆ. ಕಾಫಿಯನ್ನು ತಿಂಡಿಯ ಜೊತೆಗೇ ಕುಡಿಯಬೇಡಿ, ಒಂದು ಗಂಟೆ ಬಿಟ್ಟು ಆಫೀಸಿನಲ್ಲಿ ಕುಡಿಯಿರಿ. ಕಾಫಿ, ಟೀ ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲೂ ಈ ಮಾತಿದೆ.

ರಾತ್ರಿಗೆ ಮೂರು ದಾರಿ. ನಾನು ನಿಮ್ಮ ಜಾಗದಲ್ಲಿದ್ದರೆ ರೂಮಿನಲ್ಲಿ ಒಂದು ಚಿಕ್ಕ ರೈಸ್ ಕುಕ್ಕರ್ ಇಟ್ಟುಕೊಳ್ಳುತ್ತಿದ್ದೆ. ಹೆಸರುಬೇಳೆ, ಅಕ್ಕಿ, ಹೆಚ್ಚಿದ ತರಕಾರಿ ಹಾಕಿ ಸ್ವಿಚ್ ಒತ್ತಿ ಸ್ನಾನಕ್ಕೆ ಹೋದರೆ ಬರುವಷ್ಟರಲ್ಲಿ ಆಗಿರುತ್ತದೆ. ಮೊಸರು, ಒಂದು ಹಣ್ಣು. ಇಲ್ಲಿನ ಅಪಾಯ ಒಂದೇ: ಉಳಿದ ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವುದು. ಬ್ಯಾಸಿಲಸ್ ಸೀರಿಯಸ್ ಬಿಡುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ ಇಲ್ಲದಿದ್ದರೆ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ.

ಎರಡನೆಯದು ಊಟದ ಮನೆ. ಉತ್ತರ ಕರ್ನಾಟಕದ ಖಾನಾವಳಿ ಅಥವಾ ಮುದ್ದೆ ಊಟದ ಹೋಟೆಲ್. ಜೋಳದ ರೊಟ್ಟಿ ಜೊತೆ ಕಾಳುಪಲ್ಯ, ಸೊಪ್ಪು ಸಿಗುತ್ತದೆ. ಮುದ್ದೆ ಜೊತೆ ಬಸ್ಸಾರು, ಅದು ನಿಮ್ಮ ಊರ ಕಡೆಯದ್ದೇ ಅಲ್ವಾ? ದರ್ಶಿನಿ ತಿಂಡಿಯಲ್ಲಿ ಕಾಳು, ತರಕಾರಿ ತೀರಾ ಕಡಿಮೆ. ಎರಡು ಹೊತ್ತೂ ಅದನ್ನೇ ತಿಂದರೆ ಬರುವ ನಿಜವಾದ ಕೊರತೆ ಇದು. ಖಾನಾವಳಿಯಲ್ಲಿ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಕೊಡುತ್ತಾರೆ. ತೊಳೆದ ನೀರಿನ ಬಗ್ಗೆ ನಂಬಿಕೆ ಇಲ್ಲದಿದ್ದರೆ ಅದನ್ನು ಬದಿಗಿಡಿ, ಬೆಂದ ಪಲ್ಯ ಇನ್ನೊಂದು ಸಲ ಹಾಕಿಸಿಕೊಳ್ಳಿ.

ಮೂರನೆಯದು, ಅದೇ ದರ್ಶಿನಿಗೆ ಎಂಟರೊಳಗೆ ಹೋಗುವುದು. ತಡವಾದ ದಿನ ರೈಸ್ ಬಾತ್ ಬೇಡ. ಅದು ಯಾವಾಗ ಮಾಡಿದ್ದು ಅಂತ ನಿಮಗೆ ತಿಳಿಯುವುದಿಲ್ಲ. ಕಣ್ಣೆದುರು ಕಾವಲಿಯಿಂದ ಇಳಿಯುವ ಸೆಟ್ ದೋಸೆ ಅಥವಾ ಚಪಾತಿ ಕೇಳಿ, ಚಟ್ನಿ ಬದಲು ಸಾಗು ಹಾಕಿಸಿಕೊಳ್ಳಿ. ಮನೆಗೆ ತರಿಸುವುದು ನನಗೆ ಅಷ್ಟು ಇಷ್ಟವಿಲ್ಲದ ದಾರಿ. ಅಡುಗೆಮನೆ ಕಾಣುವುದಿಲ್ಲ, ತಿಂಡಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿ ಬೆವರುತ್ತಾ ಬರುತ್ತದೆ.

ಎದೆ ಉರಿಗೆ ಬಹುಶಃ ಕಾರಣ ನಿಮ್ಮ ರಾತ್ರಿಯ ವೇಳೆಯೇ. ಎಣ್ಣೆ ತಿಂಡಿ ಹೊಟ್ಟೆಯಿಂದ ಇಳಿಯಲು ನಿಧಾನ. ಹತ್ತಕ್ಕೆ ತಿಂದು ಹನ್ನೊಂದಕ್ಕೆ ಮಲಗಿದರೆ ಆಮ್ಲ ಮೇಲೆ ಬರುತ್ತದೆ. ಜೊತೆಗೆ ರಾತ್ರಿಯ ಹಿಟ್ಟು ಬೆಳಗಿನದಕ್ಕಿಂತ ಹುಳಿ. ಊಟಕ್ಕೂ ನಿದ್ದೆಗೂ ಕನಿಷ್ಠ ಎರಡು ಮೂರು ಗಂಟೆ ಅಂತರ ಇಟ್ಟು ಎರಡು ವಾರ ನೋಡಿ. ಕಡಿಮೆಯಾಗದಿದ್ದರೆ, ನುಂಗಲು ಕಷ್ಟವಾದರೆ, ತೂಕ ಇಳಿದರೆ, ಮಲ ಕಪ್ಪಗೆ ಬಂದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ.

ಬಾಯಾರಿಕೆಯ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ನಾನು ವೈದ್ಯನಲ್ಲ. ಆದರೆ ಎರಡು ತಿಂಗಳಿಂದ ದಾಹ, ನಿದ್ದೆಯಿಂದ ಎದ್ದು ನೀರು ಕುಡಿಯುವುದು, ಇವನ್ನು ಹೋಟೆಲ್ ಉಪ್ಪಿನ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡಿ. ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತಿದ್ದರಂತೂ ಬೇಡವೇ ಬೇಡ. 32 ವಯಸ್ಸಿನಲ್ಲೂ ಸಕ್ಕರೆ ಕಾಯಿಲೆ ಬರುತ್ತದೆ. ಈ ವಾರವೇ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆ ಮತ್ತು ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ. ಸಕ್ಕರೆ ಜಾಸ್ತಿ ಇದ್ದರೆ ತಿಂಡಿಯ ಪಟ್ಟಿಯನ್ನು ಅವರ ಸಲಹೆ ಕೇಳಿ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ಆಗ ಇನ್ನೊಮ್ಮೆ ಬರೆಯಿರಿ, ಮುದ್ದೆ, ಇಡ್ಲಿ, ಅನ್ನದ ಅಳತೆಯನ್ನು ಒಂದೊಂದಾಗಿ ನೋಡೋಣ.